ರಿಮೋಟ್ ಕೆಟ್ಟಿಲ್ಲ, ದಾರಿ ಕಟ್ಟಿದೆ

ಎರಡು ವರ್ಷದ ಹಿಂದಿನ ದಸರಾ. ತ್ಯಾಗರಾಜನಗರದ ನಮ್ಮ ಬಾಡಿಗೆ ಮನೆಯ ಹಾಲ್ ಚಿಕ್ಕದು. ಗೊಂಬೆ ಕೂರಿಸಲು ಟಿವಿ ಇರುವ ಗೋಡೆ ಬಿಟ್ಟರೆ ಬೇರೆ ಜಾಗವೇ ಇಲ್ಲ. ಟಿವಿ ಮೇಲೆ ಗೋಡೆಯಲ್ಲಿದೆ, ಸೆಟ್‌ಟಾಪ್ ಬಾಕ್ಸ್ ಕೆಳಗೆ ಯೂನಿಟ್‌ನಲ್ಲಿದೆ. ಅದರ ಮುಂದೆ ಮೂರು ಮೆಟ್ಟಿಲು ಜೋಡಿಸಿ, ಬಿಳಿ ಪಂಚೆ ಹಾಸಿ, ಪಟ್ಟದ ಗೊಂಬೆ ಇಟ್ಟು, ಆರತಿಯೂ ಆಯಿತು. ಸಂಜೆ ಏಳಕ್ಕೆ ಅಮ್ಮ ಧಾರಾವಾಹಿ ಹಾಕಲು ರಿಮೋಟ್ ಒತ್ತಿದರು. ಊಹೂಂ. ಬಾಕ್ಸ್ ಮೆಟ್ಟಿಲ ಹಿಂದೆ ಮರೆಯಾಗಿತ್ತು.

ಪಟ್ಟದ ಗೊಂಬೆ ಕೂರಿಸಿದ ಮೇಲೆ ವಿಜಯದಶಮಿವರೆಗೆ ಅಲುಗಾಡಿಸುವಂತಿಲ್ಲ. ಧಾರಾವಾಹಿಯನ್ನು ಅಷ್ಟು ದಿನ ಬಿಡುವಂತೆಯೂ ಇಲ್ಲ. ಆ ಪೀಕಲಾಟದಲ್ಲಿ ಕಲಿತದ್ದು, ಆಮೇಲೆ ನೆಂಟರ ಮನೆಗಳಲ್ಲಿ ಪ್ರಯೋಗ ಮಾಡಿದ್ದು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ನಿಮ್ಮ ಮನೆಯಲ್ಲಿ ಅಡ್ಡ ನಿಂತಿರುವುದು ಗೊಂಬೆ ಆಗಿರಲಿಕ್ಕಿಲ್ಲ. ಸೌಂಡ್‌ಬಾರ್ ಇರಬಹುದು, ಶೋಕೇಸ್ ಬಾಗಿಲು ಇರಬಹುದು, ಮಗು ಅಂಟಿಸಿದ ಸ್ಟಿಕ್ಕರ್ ಇರಬಹುದು. ಉಪಾಯ ಹೆಚ್ಚುಕಮ್ಮಿ ಒಂದೇ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು. ಮಾಮೂಲಿ ರಿಮೋಟ್ ಅಂದರೆ ಒಂದು ಪುಟ್ಟ ಟಾರ್ಚ್. ಅದರ ಮೂತಿಯಲ್ಲಿರುವ ಎಲ್‌ಇಡಿ ಸುಮಾರು 940 ನ್ಯಾನೋಮೀಟರ್‌ನ ಇನ್‌ಫ್ರಾರೆಡ್ (ಚಿಕ್ಕದಾಗಿ ಐಆರ್) ಬೆಳಕು ಬಿಡುತ್ತದೆ. ನಮ್ಮ ಕಣ್ಣಿಗೆ 700ರ ಆಚೆ ಹೆಚ್ಚೇನೂ ಕಾಣದು, ಹಾಗಾಗಿ ಆ ಬೆಳಕು ನಮಗೆ ಇಲ್ಲ. ಅದು ಸುಮ್ನೆ ಉರಿಯುವುದೂ ಇಲ್ಲ. ಸೆಕೆಂಡಿಗೆ ಸುಮಾರು 38,000 ಸಲ ಮಿನುಗುತ್ತದೆ. ಮಿನುಗಿನ ಉದ್ದ, ಗಿಡ್ಡ ತುಣುಕುಗಳೇ ಅದರ ಮಾತು. ಟಿವಿ ಒಳಗಿನ ಸೆನ್ಸರ್ ಈ ವೇಗದ ಮಿನುಗನ್ನು ಮಾತ್ರ ಕೇಳಿಸಿಕೊಂಡು ಬಿಸಿಲು, ಬಲ್ಬು ಇತ್ಯಾದಿಗಳನ್ನು ಕಡೆಗಣಿಸುತ್ತದೆ.

ಈ ಜಾಣತನ ಮೊದಲಿನಿಂದ ಇರಲಿಲ್ಲ. 1955ರಲ್ಲಿ ಅಮೆರಿಕದ ಜೆನಿತ್ ಕಂಪನಿ ತಂದ ಫ್ಲ್ಯಾಶ್‌ಮ್ಯಾಟಿಕ್ ರಿಮೋಟ್ ನಿಜವಾದ ಟಾರ್ಚೇ ಆಗಿತ್ತು. ಟಿವಿಯ ಮೂಲೆಗಳಲ್ಲಿದ್ದ ಕಣ್ಣುಗಳ ಮೇಲೆ ಬೆಳಕು ಬಿಡಬೇಕಿತ್ತು. ಬಿಸಿಲು ಬಿದ್ದರೆ ಚಾನೆಲ್ ತಾನಾಗಿಯೇ ಬದಲಾಗುತ್ತಿತ್ತು!

ಬೆಳಕು ಅಂದ ಮೇಲೆ ಅದಕ್ಕೆ ದಾರಿ ಬೇಕು. ಮರ ದಾಟದು, ದಪ್ಪ ರಟ್ಟು ದಾಟದು. ಆದರೆ ಬಿಳಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ನಮಗೆ ಬೇಕಾದದ್ದು ಈ ಕೊನೇ ಗುಣ.

ಹೆಜ್ಜೆ 1: ರಿಮೋಟ್ ಮಾತಾಡುತ್ತಿದೆಯಾ ನೋಡಿ

ಫೋನ್ ತೆಗೆದುಕೊಂಡು ಸೆಲ್ಫಿ ಕ್ಯಾಮೆರಾ ಆನ್ ಮಾಡಿ. ಕೋಣೆ ಸ್ವಲ್ಪ ಕತ್ತಲಿದ್ದರೆ ಒಳ್ಳೆಯದು. ರಿಮೋಟ್ ಮೂತಿಯನ್ನು ಕ್ಯಾಮೆರಾ ಕಡೆ ಹಿಡಿದು ಒಂದು ಗುಂಡಿ ಒತ್ತಿ ಹಿಡಿಯಿರಿ. ಪರದೆಯಲ್ಲಿ ನೇರಳೆ ಅಥವಾ ಬಿಳಿ ಬಣ್ಣದ ಮಿಣುಕು ಕಂಡರೆ ರಿಮೋಟ್ ಜೀವಂತ. ಹಿಂದಿನ ಕ್ಯಾಮೆರಾಗಳಲ್ಲಿ ಬಹಳಷ್ಟಕ್ಕೆ ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಇರುತ್ತದೆ, ಅದರಲ್ಲಿ ಏನೂ ಕಾಣದಿದ್ದರೆ ಗಾಬರಿ ಬೇಡ. ನಿಮ್ಮ ಫೋನ್ ಮೇಲೆ ನಂಬಿಕೆ ಬರಬೇಕಾದರೆ, ಚೆನ್ನಾಗಿ ಕೆಲಸ ಮಾಡುವ ಇನ್ನೊಂದು ರಿಮೋಟ್ ಅನ್ನು ಮೊದಲು ಹಿಡಿದು ನೋಡಿ.

ಮಿಣುಕು ಮಂಕಾಗಿದ್ದರೆ ಬ್ಯಾಟರಿ ಬದಲಿಸಿ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ನಮ್ಮಲ್ಲಿ ರಿಮೋಟ್‌ಗೆ ಪ್ಲಾಸ್ಟಿಕ್ ಕವರ್ ಹಾಕುವ ಅಭ್ಯಾಸ, ಅಲ್ವಾ? ಎರಡು ವರ್ಷ ಎಣ್ಣೆ ಕೈ, ಚಿತ್ರಾನ್ನದ ಕೈ ಮುಟ್ಟಿ ಮುಟ್ಟಿ ಅದು ಹಳದಿ ತಿರುಗಿರುತ್ತದೆ. ಮೂತಿಯ ಹತ್ತಿರ ಮಡಿಕೆಯಲ್ಲಿ ಕೊಳೆ ಕೂತಿರುತ್ತದೆ. ಕವರ್ ತೆಗೆದು ಒಮ್ಮೆ ಪ್ರಯತ್ನಿಸಿ. ಕವರ್ ಬೇಕೇ ಬೇಕು ಅನ್ನುವವರು ಮೂತಿಯ ಕಡೆ ಕತ್ತರಿಯಿಂದ ಕಿಂಡಿ ಮಾಡಿ.

ರಿಮೋಟ್‌ನಲ್ಲಿ ಮೈಕ್ ಗುಂಡಿ ಇದ್ದರೆ ಕಥೆ ಸ್ವಲ್ಪ ಬೇರೆ. ಸ್ಮಾರ್ಟ್ ಟಿವಿ, ಟಿವಿಗೆ ಚುಚ್ಚುವ ಸ್ಟ್ರೀಮಿಂಗ್ ಸ್ಟಿಕ್‌ಗಳ ಇಂಥ ರಿಮೋಟ್‌ಗಳು ಸಾಮಾನ್ಯವಾಗಿ ಬ್ಲೂಟೂತ್‌ನಲ್ಲಿ ಮಾತಾಡುತ್ತವೆ. ಅದಕ್ಕೆ ನೇರ ದಾರಿ ಬೇಕಿಲ್ಲ, ಬಾಗಿಲ ಹಿಂದಿನಿಂದಲೂ ನಡೆಯುತ್ತದೆ. ಎಷ್ಟೋ ಜನ ಹೊಸ ಟಿವಿ ತಂದಾಗ ರಿಮೋಟ್ ಜೋಡಿಸುವ ಹಂತವನ್ನು 'ಆಮೇಲೆ' ಅಂತ ದಾಟಿಸಿರುತ್ತಾರೆ. ಆಗ ಅದು ಇನ್‌ಫ್ರಾರೆಡ್‌ನಲ್ಲೇ ಉಳಿದಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ರಿಮೋಟ್ ಅಥವಾ ಆಕ್ಸೆಸರೀಸ್ ಅನ್ನುವ ಕಡೆ ಹೋಗಿ ಪೇರ್ ಮಾಡಿ. ನಿಮ್ಮ ತೊಂದರೆ ಇಲ್ಲಿಗೇ ಮುಗಿಯಬಹುದು. ಆದರೂ ಟಿವಿಯನ್ನು ಆನ್ ಮಾಡುವ ಒಂದು ಗುಂಡಿ ಮಾತ್ರ ಹಲವು ಮಾಡೆಲ್‌ಗಳಲ್ಲಿ ಇನ್‌ಫ್ರಾರೆಡ್ಡೇ ಕೇಳುತ್ತದೆ.

ಹೆಜ್ಜೆ 2: ಕಣ್ಣು ಎಲ್ಲಿದೆ ಹುಡುಕಿ

ಇದನ್ನು ಯಾರೂ ಮಾಡುವುದಿಲ್ಲ. ಅಂದಾಜಿನ ಮೇಲೆ ಟಿವಿಯ ನಡುಮಧ್ಯಕ್ಕೆ ಗುರಿಯಿಟ್ಟು ಬೈಯುತ್ತಾ ಕೂರುತ್ತೇವೆ. ಕಣ್ಣು, ಅಂದರೆ ಆ ಸೆನ್ಸರ್, ಸಾಮಾನ್ಯವಾಗಿ ಕೆಳಗಿನ ಅಂಚಿನಲ್ಲಿರುತ್ತದೆ. ಕಂಪನಿ ಹೆಸರಿನ ಕೆಳಗೆ, ಅಥವಾ ಸ್ಟ್ಯಾಂಡ್‌ಬೈ ದೀಪದ ಪಕ್ಕ, ಇಲ್ಲವೇ ಬಲ ಮೂಲೆಯಲ್ಲಿ. ಹೊಸ ಟಿವಿಗಳಲ್ಲಿ ಅಂಚಿನ ಕೆಳಗೆ ಚಿಕ್ಕ ಉಬ್ಬಿನ ಹಾಗೆ ಚಾಚಿಕೊಂಡಿರುತ್ತದೆ. ಟಾರ್ಚನ್ನು ಓರೆಯಾಗಿ ಬಿಟ್ಟರೆ ಕಪ್ಪು ಪ್ಲಾಸ್ಟಿಕ್ ಹಿಂದೆ ಸಣ್ಣ ಗುಂಡು ಬಿಲ್ಲೆ ಕಾಣಬಹುದು.

ಕಾಣದಿದ್ದರೆ ಹಳೇ ಕ್ಯಾಲೆಂಡರ್‌ನ ದಪ್ಪ ಹಾಳೆಯೊಂದನ್ನು ಪೀಪಿಯಂತೆ ನಾಲ್ಕೈದು ಸುತ್ತು ಸುತ್ತಿ. ಒಂದು ತುದಿಗೆ ರಿಮೋಟ್ ಮೂತಿ ತುರುಕಿ, ಇನ್ನೊಂದು ತುದಿಯನ್ನು ಟಿವಿ ಅಂಚಿಗೆ ತಾಗಿಸಿ, ವಾಲ್ಯೂಮ್ ಒತ್ತುತ್ತಾ ನಿಧಾನ ಸರಿಸಿ. ವಾಲ್ಯೂಮ್ ಏರಿದ ಜಾಗವೇ ಕಣ್ಣು. ಅಲ್ಲೊಂದು ಪೆನ್ಸಿಲ್ ಗುರುತು ಹಾಕಿ. ಇಡೀ ಅಂಚು ಮುಗಿದರೂ ಅಲುಗದಿದ್ದರೆ, ರಿಮೋಟ್ ಸರಿಯಿದ್ದೂ ಟಿವಿ ಕೇಳುತ್ತಿಲ್ಲ, ಅಂದರೆ ಸೆನ್ಸರ್ರೇ ಹೋಗಿದೆ. ಅದರ ಮಾತು ಮುಂದೆ, ಎಸ್‌ಪಿ ರೋಡ್ ಕಥೆಯಲ್ಲಿ.

ಈ ಪರೀಕ್ಷೆಯಿಂದ ನನ್ನ ಭಾವನಿಗೆ ದುಡ್ಡು ಉಳಿಯಿತು. ರಿಪೇರಿಗೆ ಬಂದವನೊಬ್ಬ 'ಬೋರ್ಡ್ ಹೋಗಿದೆ ಸಾರ್' ಅಂದಿದ್ದನಂತೆ. ಹೋಗಿ ನೋಡಿದರೆ ಅಂಚಿನ ಮೇಲೆ ವಿದ್ಯುತ್ ಉಳಿತಾಯದ ನಕ್ಷತ್ರದ ಲೇಬಲ್! ಕೊಂಡಾಗ ಬೇರೆಲ್ಲೋ ಇದ್ದದ್ದನ್ನು ಮಗಳು ಕಿತ್ತು, ಚೆಂದ ಕಾಣಲಿ ಅಂತ ಸರಿಯಾಗಿ ಕಣ್ಣಿನ ಮೇಲೆ ಅಂಟಿಸಿದ್ದಳು.

ಹೆಜ್ಜೆ 3: ಒರೆಸಿ, ಸರಿಸಿ

ಬೆಂಗಳೂರಿನ ಧೂಳಿನ ಬಗ್ಗೆ ನಾನು ಹೇಳಬೇಕಿಲ್ಲ. ದೇವರ ಮೂಲೆ ಪಕ್ಕದಲ್ಲೇ ಟಿವಿ ಇದ್ದರೆ ಊದುಬತ್ತಿ ಹೊಗೆಯ ಜಿಡ್ಡೂ ಸೇರುತ್ತದೆ. ಮೆತ್ತನೆ ಬಟ್ಟೆಯನ್ನು ಸ್ವಲ್ಪವೇ ಒದ್ದೆ ಮಾಡಿ ಕಣ್ಣಿನ ಜಾಗ ಒರೆಸಿ. ಹೊಸದರಲ್ಲಿ ಬಂದ ಪಾರದರ್ಶಕ ಹಾಳೆ ಇನ್ನೂ ಅಂಚಿನಲ್ಲಿ ಇದ್ದರೆ ಕಿತ್ತು ಬಿಸಾಕಿ, ಟಿವಿಗೆ ವಯಸ್ಸಾಯಿತು.

ಸೌಂಡ್‌ಬಾರ್ ಅಡ್ಡವಿದ್ದರೆ ಅದನ್ನು ಇನ್ನೊಂದೆರಡು ಇಂಚು ಮುಂದೆ ಎಳೆಯಿರಿ. ಸೋಫಾದಲ್ಲಿ ಕೂತವರ ಕೈ ಎತ್ತರದಿಂದ ಬರುವ ಬೆಳಕು ಸೌಂಡ್‌ಬಾರ್ ತಲೆ ಮೇಲಿಂದ ಇಳಿಯಲು ಅಷ್ಟು ಸಂದು ಸಾಕಾಗಬಹುದು. ಆಗದಿದ್ದರೆ ಟಿವಿ ಕಾಲುಗಳ ಕೆಳಗೆ ಒಂದೇ ಎತ್ತರದ ಗಟ್ಟಿ ಮರದ ತುಂಡು ಕೊಡಿ. ಪುಸ್ತಕ ಇಡಬೇಡಿ, ಜಾರುತ್ತದೆ. ಕೆಲವು ಸೌಂಡ್‌ಬಾರ್‌ಗಳ ಬೆನ್ನಲ್ಲೇ ಸಿಗ್ನಲ್ ದಾಟಿಸುವ ವ್ಯವಸ್ಥೆ ಇರುತ್ತದೆ. ಮುಂದೆ ಬಿದ್ದ ಬೆಳಕನ್ನು ಹಿಂದಿನಿಂದ ಟಿವಿಗೆ ಮತ್ತೆ ಬಿಡುತ್ತದೆ. ಸೆಟ್ಟಿಂಗ್‌ನಲ್ಲಿ ಐಆರ್ ರಿಪೀಟರ್ ಅಂತ ಇದ್ದು, ಆಫ್ ಆಗಿರಬಹುದು. ಮ್ಯಾನುಯಲ್ ತೆಗೆದು ನೋಡಿ.

ಶೋಕೇಸ್ ಬಾಗಿಲಿನ ಹಿಂದೆ ಬಾಕ್ಸ್ ಇದ್ದರೆ ಒಂದು ಮೋಜಿನ ಪರೀಕ್ಷೆ ಇದೆ. ಬಾಗಿಲಿನ ಒಂದು ಕಡೆ ಫೋನ್, ಇನ್ನೊಂದು ಕಡೆ ರಿಮೋಟ್ ಹಿಡಿದು ಮಿಣುಕು ದಾಟುತ್ತದಾ ನೋಡಿ. ನಮಗೆ ಕಪ್ಪಾಗಿ ಕಾಣುವ ಎಷ್ಟೋ ಅಕ್ರಿಲಿಕ್ ಹಾಳೆಗಳು ಇನ್‌ಫ್ರಾರೆಡ್‌ಗೆ ಗಾಜಿನಂತೆ. ಟಿವಿಯ ಕಣ್ಣಿನ ಮುಂದಿರುವುದೂ ಅಂಥದ್ದೇ. ಮಾಮೂಲಿ ಗಾಜೂ ತೊಂದರೆ ಕೊಡುವುದಿಲ್ಲ. ಆದರೆ ಕನ್ನಡಿಯಂತೆ ಹೊಳೆಯುವ ಫಿಲ್ಮ್ ಹಚ್ಚಿದ್ದರೆ ಬೆಳಕು ವಾಪಸ್ ಹೋಗುತ್ತದೆ.

ಹೆಜ್ಜೆ 4: ಬೆಳಕನ್ನು ಬಡಿಸಿ ಕಳಿಸಿ

ನಮ್ಮ ದಸರಾ ಉಳಿಸಿದ್ದು ಇದೇ. ಖರ್ಚು ಸೊನ್ನೆ.

ಮೆಟ್ಟಿಲಿಗೂ ಯೂನಿಟ್‌ಗೂ ನಡುವೆ ಸುಮಾರು ಅರ್ಧ ಅಡಿ ಸಂದು ಇತ್ತು. ಪಕ್ಕದಿಂದ ಕೈ ಹಾಕಿ ಬಾಕ್ಸ್ ಅನ್ನು ಎಡಗಡೆಗೆ ತಿರುಗಿಸಿದೆ. ಈಗ ಅದರ ಕಣ್ಣು ನಮ್ಮನ್ನು ಬಿಟ್ಟು ಎಡಗೋಡೆಯನ್ನು ನೋಡುತ್ತಿತ್ತು. ಮೆಟ್ಟಿಲ ಪಕ್ಕದಲ್ಲಿ ಗೋಡೆಗೊರಗಿಸಿ ಊಟದ ಸ್ಟೀಲ್ ತಟ್ಟೆಯೊಂದನ್ನು ಓರೆಯಾಗಿ ನಿಲ್ಲಿಸಿದೆ. ಅಮ್ಮ ತಟ್ಟೆ ಕಡೆ ಗುರಿಯಿಟ್ಟು ಒತ್ತಿದರು. ಚಾನೆಲ್ ಬದಲಾಯಿತು. 'ಇದೇನೋ ಕೇರಂ ಆಡ್ದಂಗಿದೆ' ಅಂದರು. ನಿಜ, ಲೆಕ್ಕ ಅದೇ. ಯಾವ ಕೋನದಲ್ಲಿ ಬಡಿಯುತ್ತದೋ ಅದೇ ಕೋನದಲ್ಲಿ ಹೊರಡುತ್ತದೆ.

ನೀವು ಮಾಡುವಾಗ ಮೊದಲು ಕೋಣೆಯ ಬಿಳಿ ಗೋಡೆಗೆ, ತಾರಸಿಗೆ, ಎದುರಿನ ಗೋಡೆಗೆ ಒಂದೊಂದು ಸಲ ಗುರಿಯಿಟ್ಟು ನೋಡಿ. ಸುಣ್ಣ ಹೊಡೆದ ಗೋಡೆ ಬೆಳಕನ್ನು ಎಲ್ಲ ಕಡೆ ಚೆಲ್ಲುತ್ತದೆ. ಚಿಕ್ಕ ಕೋಣೆಯಲ್ಲಿ ಅಷ್ಟೇ ಸಾಕಾಗುವುದುಂಟು. ಸಾಲದಿದ್ದರೆ ಕನ್ನಡಿಯಂಥದ್ದು ಬೇಕು. ಹಳೇ ಸಿಡಿ ಬಹಳ ಒಳ್ಳೆಯದು, ಅದರೊಳಗಿನ ಹೊಳಪು ಅಲ್ಯೂಮಿನಿಯಂ ಪದರದ್ದು. ಹಿಂದೆ ಎರಡು ಬದಿ ಅಂಟುವ ಟೇಪ್ ಹಾಕಿದರೆ ಗೋಡೆಗೆ ಮೊಳೆ ಬೇಡ, ಓನರ್ ಜೊತೆ ಜಗಳವೂ ಬೇಡ.

ಜಾಗ ಹುಡುಕಲು ಇಬ್ಬರು ಬೇಕು. ಒಬ್ಬರು ಬಾಕ್ಸ್ ಕಣ್ಣಿನ ಹತ್ತಿರ ಫೋನಿನ ಟಾರ್ಚ್ ಹಿಡಿದು ಸಿಡಿ ಕಡೆ ಬಿಡಬೇಕು. ಇನ್ನೊಬ್ಬರು ಸೋಫಾದಲ್ಲಿ ಕೂತು, ಸಿಡಿಯಲ್ಲಿ ಟಾರ್ಚ್ ಹೊಳೆಯುವವರೆಗೆ 'ಸ್ವಲ್ಪ ಎಡಕ್ಕೆ, ಸ್ವಲ್ಪ ಮೇಲಕ್ಕೆ' ಅನ್ನಬೇಕು. ಹೊಳೆದ ಕ್ಷಣ ಟೇಪ್ ಒತ್ತಿ. ಬೆಳಕು ಹೋದ ದಾರಿಯಲ್ಲೇ ಬರುವುದರಿಂದ ರಿಮೋಟ್ ಬೆಳಕೂ ಅದೇ ದಾರಿ ಹಿಡಿಯುತ್ತದೆ. ಒಂದೇ ಸೀಟಿಗೆ ಮಾತ್ರ ಕೆಲಸ ಮಾಡುತ್ತಿದ್ದರೆ ಸಿಡಿ ಬದಲು ಅಡುಗೆಮನೆಯ ಫಾಯಿಲ್ ಅನ್ನು ಮುದುರಿ, ಮತ್ತೆ ಬಿಡಿಸಿ ಅಂಟಿಸಿ. ಸುಕ್ಕುಗಳು ಬೆಳಕನ್ನು ಅಗಲಕ್ಕೆ ಹರಡುತ್ತವೆ. ದೂರ ಕಡಿಮೆಯಾಗುತ್ತದೆ, ಹಾಗಾಗಿ ಹೊಸ ಬ್ಯಾಟರಿ ಹಾಕಿ.

ಹೆಜ್ಜೆ 5: ಕಣ್ಣನ್ನೇ ಹೊರಗೆ ತನ್ನಿ

ತಟ್ಟೆ ಉಪಾಯ ಹಬ್ಬಕ್ಕೆ ಸರಿ. ವರ್ಷಪೂರ್ತಿ ಬಾಕ್ಸ್ ಟಿವಿ ಬೆನ್ನಲ್ಲೋ ಕಪಾಟಿನಲ್ಲೋ ಇರಬೇಕಾದರೆ ವೈರ್ ಬೇಕು.

ಮೊದಲು ಬಾಕ್ಸ್ ಹಿಂಭಾಗ ನೋಡಿ. ಕೆಲವು ಸೆಟ್‌ಟಾಪ್ ಬಾಕ್ಸ್‌ಗಳಲ್ಲಿ ಐಆರ್ ಅಂತ ಬರೆದ, ಇಯರ್‌ಫೋನ್ ತೂತಿನಂಥ 3.5 ಮಿಲಿಮೀಟರ್ ತೂತು ಇರುತ್ತದೆ. ಇದ್ದರೆ ನಿಮ್ಮ ಅದೃಷ್ಟ. ಅದಕ್ಕೆ ಸಿಗುವ ಕೇಬಲ್‌ನ ತುದಿಯಲ್ಲಿ ಪುಟ್ಟ ಕಣ್ಣು ಇರುತ್ತದೆ, ಟಿವಿ ಅಂಚಿಗೆ ಅಂಟಿಸಿದರೆ ಮುಗಿಯಿತು. ಎವಿ ಅಂತ ಬರೆದ ತೂತೂ ನೋಡಲು ಹೀಗೇ ಇರುತ್ತದೆ. ಅದಕ್ಕೆ ಚುಚ್ಚಬೇಡಿ. ಎಲ್ಲ ಕಂಪನಿಯ ಬಾಕ್ಸ್‌ಗೂ ಒಂದೇ ಕೇಬಲ್ ಆಗುವುದಿಲ್ಲ, ಪಿನ್‌ನ ಒಳಜೋಡಣೆ ಬೇರೆ ಇರುತ್ತದೆ. ಬಾಕ್ಸ್ ಮಾಡೆಲ್ ನಂಬರಿನ ಫೋಟೋ ತೆಗೆದುಕೊಂಡು ಹೋಗಿ ಕೇಳಿ.

ಆ ತೂತು ಇಲ್ಲದಿದ್ದರೆ ಐಆರ್ ರಿಪೀಟರ್ ಕಿಟ್ ತೆಗೆದುಕೊಳ್ಳಿ. ಮೂರು ಭಾಗ ಇರುತ್ತವೆ. ರಿಮೋಟ್ ಬೆಳಕು ಹಿಡಿಯುವ ಕಣ್ಣು ಹೊರಗೆ. ನಡುವೆ ಒಂದು ಡಬ್ಬಿ, ಬಹಳಷ್ಟಕ್ಕೆ ಯುಎಸ್‌ಬಿಯ 5 ವೋಲ್ಟ್ ಸಾಕು, ಟಿವಿಯಿಂದಲೇ ಕೊಡಬಹುದು. ಆದರೆ ಟಿವಿ ಆಫ್ ಆದಾಗ ಯುಎಸ್‌ಬಿಯೂ ಆಫ್ ಆಗುವ ಟಿವಿಗಳಿವೆ. ಆಗ ಟಿವಿ ಆನ್ ಮಾಡಲು ಕಿಟ್ ಬೇಕು, ಕಿಟ್ ಆನ್ ಆಗಲು ಟಿವಿ ಬೇಕು ಅನ್ನುವ ಕಥೆ. ಫೋನ್ ಚಾರ್ಜರ್‌ನಿಂದ ಕೊಡುವುದು ಕ್ಷೇಮ. ಮೂರನೆಯದು ಎಮಿಟರ್, ಬೆಳಕು ಬಿಡುವ ಎಳೆ. ಅದರ ತುದಿಯ ಎಲ್‌ಇಡಿಯನ್ನು ಎರಡನೇ ಹೆಜ್ಜೆಯಲ್ಲಿ ಗುರುತು ಹಾಕಿದ ಕಣ್ಣಿನ ಮೇಲೇ ಅಂಟಿಸಬೇಕು.

ಕಿಟ್ ಹಾಕಿದ ಮೇಲೂ ಏನೂ ಆಗುತ್ತಿಲ್ಲ ಅಂದರೆ ನೂರಕ್ಕೆ ನೂರು ಕಿಟ್ ಕೆಟ್ಟಿದೆ ಅಂದುಕೊಳ್ಳಬೇಡಿ. ಎಮಿಟರ್ ಬಿಟ್ಟ ಬೆಳಕು ಸೋರಿ ಹೊರಗಿನ ಕಣ್ಣಿಗೇ ವಾಪಸ್ ಬಿದ್ದರೆ, ಮೈಕ್ ಮುಂದೆ ಸ್ಪೀಕರ್ ಇಟ್ಟಾಗ ಕೀಂ ಅನ್ನುವಂತೆ, ಎಲ್ಲ ಕಲಸಿಹೋಗುತ್ತದೆ. ಎಮಿಟರ್ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಎರಡು ಪದರ ಹಾಕಿ. ಹೊರಗಿನ ಕಣ್ಣನ್ನು ಟಿವಿ ಪರದೆಯಿಂದಲೂ ಸ್ವಲ್ಪ ದೂರ ಇಡಿ.

ವೈರ್ ಎಳೆಯಲು ಆಗದಿದ್ದರೆ 433 ಮೆಗಾಹರ್ಟ್ಸ್ ರೇಡಿಯೋದಲ್ಲಿ ದಾಟಿಸುವ ಜೋಡಿಗಳೂ ಸಿಗುತ್ತವೆ. ಅದು ಗೋಡೆ ದಾಟುತ್ತದೆ. ಬೆಡ್‌ರೂಮಿನಿಂದ ಹಾಲ್‌ನ ಬಾಕ್ಸ್ ನಡೆಸುವವರಿಗೆ ಅದು ಸರಿ.

ಎಸ್‌ಪಿ ರೋಡ್‌ನಲ್ಲಿ ನಾನು ಮಾಡಿದ ದಡ್ಡತನ

ಕಿಟ್ ಕೊಳ್ಳುವ ಬದಲು ನಾನೇ ಮಾಡುತ್ತೇನೆ ಅಂತ ಹೊರಟೆ. ಹಸಿರು ಮೆಟ್ರೋದಲ್ಲಿ ಚಿಕ್ಕಪೇಟೆಗೆ ಇಳಿದರೆ ಸಾದರ್ ಪತ್ರಪ್ಪ ರಸ್ತೆ, ಅಂದರೆ ಎಲೆಕ್ಟ್ರಾನಿಕ್ ಬಿಡಿಭಾಗದ ಅಂಗಡಿಗಳಿರುವ ನಮ್ಮ ಎಸ್‌ಪಿ ರೋಡ್, ನಡೆದು ಹೋಗುವಷ್ಟು ಹತ್ತಿರ. ಕಾರ್ ತರುವ ಸಾಹಸ ಬೇಡ. ಅಲ್ಲಿ 'ಐಆರ್ ಸೆನ್ಸರ್' ಅಂತ ಕೇಳುವುದಕ್ಕಿಂತ '1738 ಇದ್ಯಾ, 1838 ಇದ್ಯಾ' ಅಂತ ನಂಬರ್ ಹೇಳಿ ಕೇಳಿ, ಕೆಲಸ ಬೇಗ ಆಗುತ್ತದೆ. ಕೊನೆಯ 38 ಅಂದರೆ 38 ಕಿಲೋಹರ್ಟ್ಸ್.

ಸೆನ್ಸರ್ ತಂದೆ, ಐಆರ್ ಎಲ್‌ಇಡಿ ತಂದೆ, ಒಂದರ ಔಟ್‌ಪುಟ್‌ಗೆ ಇನ್ನೊಂದನ್ನು ಜೋಡಿಸಿದೆ. ಎಲ್‌ಇಡಿ ಮಿನುಗುವುದು ಫೋನ್‌ನಲ್ಲಿ ಕಾಣುತ್ತದೆ, ಬಾಕ್ಸ್ ಮಾತ್ರ ಕೇಳುವುದಿಲ್ಲ. ಒಂದು ಇಡೀ ಭಾನುವಾರ ಹಾಳಾಯಿತು. ತಪ್ಪು ಏನೆಂದರೆ, ಈ ಸೆನ್ಸರ್ 38,000 ಸಲದ ಮಿನುಗನ್ನು ಒಳಗೇ ನುಂಗಿ ಬರೀ ಮಾತನ್ನು ಹೊರಗೆ ಕೊಡುತ್ತದೆ. ಅದೂ ತಲೆಕೆಳಗಾಗಿ, ಬೆಳಕು ಬಂದಾಗ ಔಟ್‌ಪುಟ್ ಕೆಳಗಿಳಿಯುತ್ತದೆ. ಹೊರಗೆ ಕಳಿಸುವಾಗ ಆ ಮಿನುಗನ್ನು ಮತ್ತೆ ಸೇರಿಸಬೇಕು. ಅದಕ್ಕೆ 555 ಟೈಮರ್ ಐಸಿಯನ್ನು 38 ಕಿಲೋಹರ್ಟ್ಸ್‌ಗೆ ಹೊಂದಿಸಿ, ಸಿಗ್ನಲ್ ಅನ್ನು ಒಂದು ಟ್ರಾನ್ಸಿಸ್ಟರ್‌ನಿಂದ ಮಗುಚಿ, ಇನ್ನೊಂದರಿಂದ ಎಲ್‌ಇಡಿ ನಡೆಸಬೇಕು. ಬೆಸುಗೆ ಹಾಕುವುದರಲ್ಲಿ ಖುಷಿ ಇದ್ದರೆ ಮಾಡಿ. ಧಾರಾವಾಹಿ ನೋಡುವುದಷ್ಟೇ ಗುರಿಯಾದರೆ ಕಿಟ್ ತನ್ನಿ.

ಟಿವಿ ಒಳಗಿನ ಸೆನ್ಸರ್ರೇ ಹೋಗಿದ್ದರೂ ಇದೇ ಬಿಡಿಭಾಗ ಬೇಕು. ಬೆಲೆ ಕೆಲವೇ ಹತ್ತು ರೂಪಾಯಿ. ಆದರೆ ಕಾಲುಗಳ ಕ್ರಮ ನೋಡಿಕೊಳ್ಳಿ. ಮುಖ ನಮ್ಮ ಕಡೆ ಇಟ್ಟಾಗ 1738ಕ್ಕೆ ಎಡದಿಂದ ಗ್ರೌಂಡ್, ಪವರ್, ಔಟ್‌ಪುಟ್. 4838 ಆದರೆ ಔಟ್‌ಪುಟ್, ಗ್ರೌಂಡ್, ಪವರ್. ಅದಲುಬದಲಾದರೆ ಸೆನ್ಸರ್ ಸುಟ್ಟುಹೋಗಬಹುದು. ಪ್ಲಗ್ ಕಿತ್ತ ಮೇಲೂ ಟಿವಿಯ ಪವರ್ ಬೋರ್ಡ್‌ನಲ್ಲಿ ಕರೆಂಟ್ ಉಳಿದಿರುತ್ತದೆ. ಕೈ ಪಳಗದವರು ಟಿವಿ ಬಿಚ್ಚಬೇಡಿ, ಮೆಕ್ಯಾನಿಕ್‌ಗೆ 'ಬೋರ್ಡ್ ಅಲ್ಲ, ಐಆರ್ ಸೆನ್ಸರ್ ಮಾತ್ರ ಬದಲಿಸಿ' ಅಂತ ಹೇಳಿ ಮಾಡಿಸಿ.

ಹೆಜ್ಜೆ 6: ಕಣ್ಣನ್ನೇ ಬಿಟ್ಟು ಬೇರೆ ಬಾಗಿಲು

ಟಿವಿಗೆ ಎಚ್‌ಡಿಎಂಐ ಕೇಬಲ್‌ನಿಂದ ಸ್ಟಿಕ್ ಜೋಡಿಸಿದ್ದರೆ ಒಂದು ಪುಕ್ಕಟೆ ದಾರಿ ಇದೆ. ಆ ಕೇಬಲ್‌ನಲ್ಲೇ ಸಿಇಸಿ ಅನ್ನುವ ಒಂದು ಎಳೆ ಇರುತ್ತದೆ, ಒಂದು ಸಾಧನ ಇನ್ನೊಂದಕ್ಕೆ ಅಪ್ಪಣೆ ಕೊಡಲು. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಅನ್ನುತ್ತದೆ, ಎಲ್‌ಜಿ ಸಿಂಪ್ಲಿಂಕ್, ಸೋನಿ ಬ್ರಾವಿಯಾ ಸಿಂಕ್. ಟಿವಿ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿ. ಆಮೇಲೆ ಸ್ಟಿಕ್‌ನ ಬ್ಲೂಟೂತ್ ರಿಮೋಟ್ ಒತ್ತಿದರೆ ಸ್ಟಿಕ್ ಎದ್ದು ಟಿವಿಯನ್ನೂ ಎಬ್ಬಿಸುತ್ತದೆ. ಟಿವಿಯ ಕಣ್ಣು ಪೂರಾ ಮುಚ್ಚಿದ್ದರೂ ಚಿಂತೆಯಿಲ್ಲ.

ವೈಫೈ ಐಆರ್ ಬ್ಲಾಸ್ಟರ್ ಅನ್ನುವ ಡಬ್ಬಿಗಳೂ ಇವೆ. ಫೋನ್‌ನಿಂದ ಅಪ್ಪಣೆ ಪಡೆದು ಬೆಳಕು ಬಿಡುತ್ತವೆ. ಬಹುತೇಕ ಎಲ್ಲಕ್ಕೂ 2.4 ಗಿಗಾಹರ್ಟ್ಸ್ ವೈಫೈ ಬೇಕು, 5ಕ್ಕೆ ಸೇರುವುದಿಲ್ಲ. ಮತ್ತೊಂದು, ಅದರ ಬೆಳಕಿಗೂ ನೇರ ದಾರಿ ಬೇಕು. ಕಪಾಟಿನ ಹೊರಗಿಟ್ಟು ಕಪಾಟಿನೊಳಗಿನ ಬಾಕ್ಸ್ ನಡೆಯಲಿ ಅಂದರೆ ನಡೆಯದು. ವಯಸ್ಸಾದವರಿರುವ ಮನೆಗೆ ನಾನು ಇದನ್ನು ಹೇಳುವುದಿಲ್ಲ. ಚಾನೆಲ್ ಬದಲಿಸಲು ಫೋನ್ ಅನ್‌ಲಾಕ್ ಮಾಡು ಅಂದರೆ ನಮ್ಮಮ್ಮ ಟಿವಿಯನ್ನೇ ಬಿಟ್ಟಾರು.

ಅಡ್ಡ ಏನೂ ಇಲ್ಲ, ಆದರೂ ಕೇಳುತ್ತಿಲ್ಲವಾ?

ಯಾವ ಹೊತ್ತಿನಲ್ಲಿ ಅಂತ ಗಮನಿಸಿ. ಪಶ್ಚಿಮದ ಬಾಲ್ಕನಿಯಿಂದ ಸಂಜೆ ನಾಲ್ಕರ ಬಿಸಿಲು ಟಿವಿ ಮೇಲೆ ಬೀಳುತ್ತಿದ್ದರೆ ಸೆನ್ಸರ್ ಕಣ್ಣು ಕೋರೈಸಿರುತ್ತದೆ. ಪರದೆ ಎಳೆದು ನೋಡಿ. ಲೈಟ್ ಹಾಕಿದಾಗ ಮಾತ್ರ ಹೀಗಾಗುತ್ತಿದ್ದರೆ ಆ ಲೈಟೇ ಕಳ್ಳ. ಎಲೆಕ್ಟ್ರಾನಿಕ್ ಚೋಕ್ ಇರುವ ಟ್ಯೂಬ್‌ಲೈಟ್, ಸಿಎಫ್‌ಎಲ್‌ಗಳು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಿನುಗುತ್ತವೆ, ರಿಮೋಟ್‌ನ ವೇಗಕ್ಕೆ ತೀರಾ ಹತ್ತಿರ.

ಎಸಿಗೂ ಇದೆಲ್ಲ ಅನ್ವಯಿಸುತ್ತದೆ, ಒಂದು ವ್ಯತ್ಯಾಸದೊಂದಿಗೆ. ಬೆಂಗಳೂರಿಗೆ ಎಸಿ ಯಾಕೆ ಅನ್ನುವ ಕಾಲ ಹೋಯಿತು ಬಿಡಿ. ಎಸಿ ರಿಮೋಟ್ ಪ್ರತಿ ಸಲವೂ ಉಷ್ಣತೆ, ಫ್ಯಾನ್, ಮೋಡ್ ಎಲ್ಲವನ್ನೂ ಒಟ್ಟಿಗೆ ಕಳಿಸುತ್ತದೆ. ಪರದೆ ಬಟ್ಟೆಯೋ ಕಪಾಟಿನ ಬಾಗಿಲೋ ಅಡ್ಡ ಬಂದು ಒಂದು ಸಲ ತಪ್ಪಿದರೆ, ರಿಮೋಟ್‌ನಲ್ಲಿ 24 ಇರುತ್ತದೆ, ಎಸಿ 18ರಲ್ಲೇ ನಡೆಯುತ್ತಿರುತ್ತದೆ. ಎಸಿಯಿಂದ ಬೀಪ್ ಕೇಳಿಸದಿದ್ದರೆ ದಾರಿ ಬಿಡಿಸಿ ಇನ್ನೊಮ್ಮೆ ಒತ್ತಿ. ಎಲ್ಲ ಒಟ್ಟಿಗೆ ಸರಿಹೋಗುತ್ತದೆ.

ಕಳೆದ ದಸರಾಕ್ಕೆ ನಾವು ತಟ್ಟೆ ಇಡಲಿಲ್ಲ. ರಿಪೀಟರ್ ಕಿಟ್‌ನ ಎಳೆಯನ್ನು ಪಂಚೆಯ ಕೆಳಗಿಂದ ತಂದು ಕೊನೇ ಮೆಟ್ಟಿಲಿಗೆ ಮುಟ್ಟಿಸಿದೆ. ಅಲ್ಲಿ ಶೆಟ್ಟಿ, ಶೆಟ್ಟಮ್ಮನ ಅಂಗಡಿ. ಅಕ್ಕಿ, ಬೇಳೆ, ಬೆಲ್ಲದ ಪುಟ್ಟ ಬಟ್ಟಲುಗಳ ಸಾಲಿನಲ್ಲಿ ಕಪ್ಪು ಕಣ್ಣೂ ಒಂದು ಕೂತಿತು. ಬಂದವರಲ್ಲಿ ಒಬ್ಬರು 'ಅದೇನು, ಮೆಣಸಾ?' ಅಂತ ಕೇಳಿದರು. ಅಮ್ಮ ಹೌದು ಅಂದುಬಿಟ್ಟರು.